ಎದೆಯ ಗಂಟು, ತುಣುಕಿನ ಪರೀಕ್ಷೆ ಮತ್ತು ಅದರ ಖರ್ಚು

(ಅಕ್ಕಲಕೋಟೆ ತಾಲೂಕಿನ ಒಂದು ಊರಿನ ಕಲಿಕಾ ಕೇಂದ್ರದಲ್ಲಿ ನಿವೃತ್ತ ನರ್ಸ್ ಒಬ್ಬರು ಆಡಿದ ಮಾತು)



ಇವತ್ತು ನಾನು ಒಂದು ಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ. ಓದು ಬರಹದ ಪರೀಕ್ಷೆ ಅಲ್ಲ, ದವಾಖಾನೆಯ ಪರೀಕ್ಷೆ. ಎದೆಯಲ್ಲಿ ಗಂಟು ಸಿಕ್ಕಾಗ ಡಾಕ್ಟರು ಬರೆದುಕೊಡುವ ಪರೀಕ್ಷೆ. ಡಾಕ್ಟರು ಅದಕ್ಕೆ ಬಯಾಪ್ಸಿ ಅನ್ನುತ್ತಾರೆ. ಸೊಲ್ಲಾಪುರದಲ್ಲಿ ಮರಾಠಿ ಮಂದಿ ತುಕಡಾ ತಪಾಸಣಿ ಅಂತಾರೆ. ನಾವು ತುಣುಕಿನ ಪರೀಕ್ಷೆ ಅನ್ನೋಣ.

ಎದೆ ಅಂದೆ. ಪುಸ್ತಕದಲ್ಲಿ ಸ್ತನ ಅಂತ ಬರೀತಾರೆ. ಮನೆಯಲ್ಲಿ ಮಲಿ ಅಂತೀವಿ. ಯಾವ ಹೆಸರು ಹಿಡಿದರೂ ಅದು ಕೈಕಾಲಿನ ಹಾಗೆ ಮೈಯ ಒಂದು ಭಾಗ. ಮಕ್ಕಳಿಗೆ ಹಾಲು ಕೊಟ್ಟ ಭಾಗ. ಅದರ ಹೆಸರು ಹೇಳಲು ನಾಚಿ ವರ್ಷಗಟ್ಟಲೆ ಸುಮ್ಮನೆ ಕುಳಿತ ಹೆಂಗಸರನ್ನು ನಾನು ನೋಡಿದ್ದೇನೆ. ಅದಕ್ಕೇ ಮೊದಲಿಗೆ ಹೆಸರು ಹೇಳಿಬಿಟ್ಟೆ. ಇನ್ನು ನಾಚಿಕೆ ಬೇಡ.

ಮೊದಲ ಮಾತು ಇದು. ಎದೆಯಲ್ಲಿ ಗಂಟು ಅಂದರೆ ಕ್ಯಾನ್ಸರ್ ಅಂತ ಅಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ವಯಸ್ಸಿನ ಹುಡುಗಿಯರಲ್ಲಿ ಗೋಲಿಯ ಹಾಗೆ ಜಾರಾಡುವ ಗಂಟು ಬರುತ್ತದೆ. ಅದು ಕೇಡು ಮಾಡುವುದಿಲ್ಲ. ಕೆಲವರಿಗೆ ನೀರು ತುಂಬಿದ ಚೀಲದಂಥ ಗಂಟು ಇರುತ್ತದೆ. ಹಾಲು ಕುಡಿಸುವ ತಾಯಂದಿರಿಗೆ ಹಾಲು ಕಟ್ಟಿ ಬಾವು ಆಗುತ್ತದೆ. ನಮ್ಮ ದೇಶದಲ್ಲಿ ಎದೆಗೂ ಟಿ.ಬಿ. ಬರುತ್ತದೆ. ಅದು ಕೂಡ ಗಂಟಿನ ಹಾಗೆ ಕಾಣುತ್ತದೆ. ಟಿ.ಬಿ.ಗೆ ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ, ನೇಮದಿಂದ ತಿಂದರೆ ವಾಸಿಯಾಗುತ್ತದೆ.

ಹಾಗಾದರೆ ಯಾವ ಗಂಟು ಯಾವುದು ಅಂತ ಹೇಗೆ ತಿಳಿಯಬೇಕು? ಕೈಯಿಂದ ಮುಟ್ಟಿ ನೋಡಿದರೆ ಪೂರಾ ತಿಳಿಯುವುದಿಲ್ಲ. ಎಷ್ಟು ದೊಡ್ಡ ಡಾಕ್ಟರಾದರೂ ತಿಳಿಯುವುದಿಲ್ಲ. ಗಂಟಿನ ಒಂದು ಸಣ್ಣ ತುಣುಕು ತೆಗೆದು, ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗಲೇ ಖಾತ್ರಿ ಆಗುವುದು. ಜೋಳದ ಚೀಲ ಕೊಳ್ಳುವಾಗ ಅಡತಿಯವರು ಏನು ಮಾಡುತ್ತಾರೆ? ಚೀಲಕ್ಕೆ ಕೊಳವಿ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾರೆ. ಚೀಲ ಹರಿಯುವುದಿಲ್ಲ. ಇದೂ ಹಾಗೆಯೇ.

ಇಲ್ಲಿ ನನ್ನನ್ನು ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ. "ಸಿಸ್ಟರ್, ಸೂಜಿ ಚುಚ್ಚಿದ್ರ ಗಂಟು ಕೆರಳ್ತದಂತ, ಮೈತುಂಬ ಹರಡ್ತದಂತ, ಖರೇ ಏನ್ರಿ?"

ಖರೇ ಅಲ್ಲ. ಸೂಜಿ ಚುಚ್ಚಿದ್ದರಿಂದ ಕ್ಯಾನ್ಸರ್ ಹರಡುವುದಿಲ್ಲ. ಲೋಕದ ಎಲ್ಲ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮೊದಲು ಮಾಡುವುದೇ ಈ ಸೂಜಿ ಪರೀಕ್ಷೆ. ಮುಂಬೈಯ ಟಾಟಾ ಆಸ್ಪತ್ರೆಯಲ್ಲೂ ಇದೇ, ಬೆಂಗಳೂರಿನ ಕಿದ್ವಾಯಿಯಲ್ಲೂ ಇದೇ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ನನಗೆ ತೋಚುವುದು ಇಷ್ಟು. ನಮ್ಮ ಮಂದಿ ಬಹಳ ತಡ ಮಾಡಿ ದವಾಖಾನೆಗೆ ಬರುತ್ತಾರೆ. ಬರುವ ಹೊತ್ತಿಗೆ ರೋಗ ಹರಡಿರುತ್ತದೆ. ಅಲ್ಲಿ ಸೂಜಿ ಚುಚ್ಚುತ್ತಾರೆ. ಸ್ವಲ್ಪ ದಿನಕ್ಕೆ ಮನುಷ್ಯರು ಹೋಗಿಬಿಡುತ್ತಾರೆ. ನೋಡಿದವರು ಅಪವಾದವನ್ನು ಸೂಜಿಯ ಮೇಲೆ ಹಾಕುತ್ತಾರೆ. ತಡ ಮಾಡಿದ್ದು ಯಾರ ನೆನಪಿಗೂ ಬರುವುದಿಲ್ಲ.

ಈಗ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ. ತಿಳಿದರೆ ಅಂಜಿಕೆ ಅರ್ಧ ಹೋಗುತ್ತದೆ.

ಮೊದಲು ಡಾಕ್ಟರು ಕೈಯಿಂದ ಮುಟ್ಟಿ ನೋಡುತ್ತಾರೆ. ಎರಡೂ ಎದೆ ನೋಡುತ್ತಾರೆ, ಎರಡೂ ಕಂಕುಳು ನೋಡುತ್ತಾರೆ. ಡಾಕ್ಟರು ಗಂಡಸಾಗಿದ್ದರೆ, "ಒಬ್ಬ ಸಿಸ್ಟರ್ ಇಲ್ಲೇ ನಿಲ್ಲಲಿ" ಎಂದು ನೀವು ಕೇಳಬಹುದು. ಅದು ತಪ್ಪಲ್ಲ. ಆಮೇಲೆ ಫೋಟೊ ತೆಗೆಸಲು ಹೇಳುತ್ತಾರೆ. ವಯಸ್ಸು ಕಡಿಮೆ ಇದ್ದರೆ ಸೋನೋಗ್ರಾಫಿ. ಬಸಿರಿದ್ದಾಗ ಹೊಟ್ಟೆಯ ಮೇಲೆ ಮಾಡಿದ್ದರಲ್ಲ, ಅದೇ. ನಲವತ್ತು ದಾಟಿದ್ದರೆ ಹೆಚ್ಚಾಗಿ ಮ್ಯಾಮೋಗ್ರಾಫಿ. ಅದು ಎದೆಯ ಎಕ್ಸರೇ. ಎರಡು ಹಲಗೆಯ ನಡುವೆ ಎದೆಯನ್ನು ಒತ್ತುತ್ತಾರೆ. ಸ್ವಲ್ಪ ಹೊತ್ತು ನೋಯುತ್ತದೆ, ಅಷ್ಟೇ.

ಇಷ್ಟಾದ ಮೇಲೆ ಸೂಜಿ. ಸೂಜಿ ಪರೀಕ್ಷೆಯಲ್ಲಿ ಎರಡು ತರಹ ಇದೆ. ಇದನ್ನು ಗಮನ ಕೊಟ್ಟು ಕೇಳಿರಿ. ಎರಡಕ್ಕೂ ಖರ್ಚು ಬೇರೆ, ಉಪಯೋಗ ಬೇರೆ.

ಒಂದು, ಸಣ್ಣ ಸೂಜಿ. ಇದಕ್ಕೆ ಎಫ್.ಎನ್.ಎ.ಸಿ. ಅಂತಾರೆ. ಇಂಜೆಕ್ಷನ್ ಸೂಜಿಯಷ್ಟೇ ಸಣ್ಣದು. ಗಂಟಿಗೆ ಚುಚ್ಚಿ ಒಳಗಿನ ರಸ ಎಳೆದುಕೊಂಡು ಗಾಜಿನ ಪಟ್ಟಿಯ ಮೇಲೆ ಹಚ್ಚುತ್ತಾರೆ. ಐದು ಹತ್ತು ನಿಮಿಷದ ಕೆಲಸ. ನೀರು ಚೀಲದ ಗಂಟಾಗಿದ್ದರೆ ನೀರು ಬಂದು ಗಂಟು ಅಲ್ಲೇ ಇಳಿದುಹೋಗುವುದೂ ಉಂಟು. ಆದರೆ ಈ ಸಣ್ಣ ಸೂಜಿ ಎಲ್ಲ ಸಂಗತಿ ಹೇಳುವುದಿಲ್ಲ.

ಎರಡು, ದಪ್ಪ ಸೂಜಿ. ಇದಕ್ಕೆ ಕೋರ್ ಬಯಾಪ್ಸಿ ಅಂತಾರೆ, ಟ್ರೂಕಟ್ ಅಂತಲೂ ಅಂತಾರೆ. ಮಲಗಿಸುತ್ತಾರೆ. ಔಷಧ ಹಚ್ಚಿ ಒರೆಸುತ್ತಾರೆ. ಗಂಟಿನ ಸುತ್ತ ಜೋಮು ಹಿಡಿಸುವ ಇಂಜೆಕ್ಷನ್ ಕೊಡುತ್ತಾರೆ. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ತರಹದ್ದು. ಆ ಇಂಜೆಕ್ಷನ್ ಚುರ್ ಅನ್ನುತ್ತದೆ. ಆಮೇಲೆ ಚರ್ಮಕ್ಕೆ ಅಕ್ಕಿಕಾಳಿಗಿಂತ ಸಣ್ಣ ಗೀರು ಹಾಕಿ ಸೂಜಿ ಒಳಗೆ ಬಿಡುತ್ತಾರೆ. ಸೂಜಿಗೆ ಸ್ಪ್ರಿಂಗ್ ಇರುತ್ತದೆ. ಅದು "ಟಕ್" ಅಂತ ಸಪ್ಪಳ ಮಾಡುತ್ತದೆ. ಈ ಸಪ್ಪಳಕ್ಕೆ ಬೆಚ್ಚಿ ಅಲುಗಾಡುವವರೇ ಹೆಚ್ಚು. ನೋವಿಗೆ ಅಲ್ಲ, ಸಪ್ಪಳಕ್ಕೆ! ಅದಕ್ಕೇ ಮೊದಲೇ ಹೇಳಿಟ್ಟೆ. ಟಕ್ ಅಂದಾಗ ಅಲುಗಾಡಬೇಡಿ. ಹೀಗೆ ನಾಲ್ಕೈದು ಸಲ ಟಕ್ ಅನ್ನುತ್ತದೆ. ಪ್ರತಿ ಸಲ ಶಾವಿಗೆ ಎಳೆಯ ಚೂರಿನಂಥ ಒಂದು ತುಣುಕು ಬರುತ್ತದೆ. ಆ ತುಣುಕುಗಳನ್ನು ಔಷಧ ತುಂಬಿದ ಸಣ್ಣ ಬಾಟಲಿಯಲ್ಲಿ ಹಾಕುತ್ತಾರೆ.

ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಕಟ್ಟುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಪೂರಾ ಕೆಲಸಕ್ಕೆ ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು. ಅದೇ ದಿನ ಎಸ್.ಟಿ. ಹಿಡಿದು ಮನೆಗೆ ಬರಬಹುದು. ಇದಕ್ಕೆ ಆಪರೇಶನ್ ಥಿಯೇಟರ್ ಬೇಡ, ಪೂರಾ ಎಚ್ಚರ ತಪ್ಪಿಸುವುದು ಬೇಡ, ಎದೆ ತೆಗೆಯುವ ಮಾತಂತೂ ಇಲ್ಲವೇ ಇಲ್ಲ.

ಸೂಜಿ ಚುಚ್ಚುವ ಮೊದಲು ಡಾಕ್ಟರಿಗೆ ಕೆಲವು ಸಂಗತಿ ಹೇಳಲೇಬೇಕು. ರಕ್ತ ತೆಳು ಮಾಡುವ ಗುಳಿಗೆ ತಿನ್ನುತ್ತಿದ್ದರೆ ಹೇಳಿ. ಹೃದಯದ ರೋಗಕ್ಕೆ ಅಂಥ ಗುಳಿಗೆ ಕೊಟ್ಟಿರುತ್ತಾರೆ. ಆದರೆ ನಿಮ್ಮಷ್ಟಕ್ಕೆ ನೀವೇ ಅದನ್ನು ಬಿಡಬೇಡಿ, ಡಾಕ್ಟರು ಹೇಳಿದರೆ ಮಾತ್ರ ಬಿಡಿ. ಸಕ್ಕರೆ ರೋಗ ಇದ್ದರೆ, ಬಸಿರಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ, ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದೆ ಮೈಮೇಲೆ ದದ್ದು ಎದ್ದಿದ್ದರೆ ಹೇಳಿ.

ಮನೆಗೆ ಬಂದ ಮೇಲೆ ಆ ಜಾಗ ನೀಲಿ ಆಗಬಹುದು. ಎರಡು ಮೂರು ದಿನ ನೋಯಬಹುದು. ಒಂದು ದಿನ ಪಟ್ಟಿ ನೆನೆಸಬೇಡಿ. ಒಂದೆರಡು ದಿನ ಕೊಡ ಹೊರುವುದು, ಕಟ್ಟಿಗೆ ಹೊರುವುದು ಬೇಡ. ಸೊಸೆಯಾದವಳು ಹೀಗೆ ಹೇಳಿದರೆ ಅತ್ತೆಗೆ ನೆಪ ಅನ್ನಿಸಬಹುದು. ಅದಕ್ಕೆ ಇಲ್ಲಿ ಕುಳಿತ ಅತ್ತೆಯಂದಿರ ಎದುರೇ ಹೇಳುತ್ತಿದ್ದೇನೆ! ಜ್ವರ ಬಂದರೆ, ಕೀವು ಬಂದರೆ, ಬಾವು ಏರುತ್ತಲೇ ಹೋದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕೂಡಲೇ ದವಾಖಾನೆಗೆ ಹೋಗಬೇಕು. ಹಾಗೆ ಆಗುವುದು ಕಡಿಮೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಮ್ಮ ಕಡೆಯ ಒಬ್ಬ ತಾಯಿ. ಹೆಸರು ಬೇಡ. ವಯಸ್ಸು ನಲವತ್ತೈದರ ಹತ್ತಿರ. ಎಡ ಎದೆಯಲ್ಲಿ ಗಜ್ಜುಗದಷ್ಟು ಗಂಟು. ನೋವಿರಲಿಲ್ಲ. ಹತ್ತಿರದ ಒಬ್ಬ ಡಾಕ್ಟರು, "ಇದೇನು ದೊಡ್ಡದಲ್ಲ, ಇಲ್ಲೇ ಕೊಯ್ದು ತೆಗೆದುಬಿಡ್ತೀನಿ" ಅಂದರು. ಕೊಯ್ದರು. ನಾಲ್ಕು ಹೊಲಿಗೆ ಹಾಕಿದರು. ತೆಗೆದ ಗಂಟನ್ನು ಮನೆಯವರಿಗೆ ತೋರಿಸಿ ಬಿಸಾಡಿದರು. ಲ್ಯಾಬಿಗೆ ಕಳಿಸಲಿಲ್ಲ. "ಕಳಿಸಿದರೆ ಮತ್ತೆ ಖರ್ಚು, ಯಾಕ ಬೇಕು" ಅಂತ ಮನೆಯವರೂ ಒಪ್ಪಿದರು. ಎಂಟು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು, ಕಂಕುಳಲ್ಲಿ ಇನ್ನೊಂದು. ಆಗ ಸೊಲ್ಲಾಪುರಕ್ಕೆ ಬಂದರು. ದೊಡ್ಡ ಡಾಕ್ಟರು ಕೇಳಿದ್ದು ಒಂದೇ ಮಾತು: "ಮೊದಲು ತೆಗೆದ ಗಂಟಿನ ರಿಪೋರ್ಟ್ ಎಲ್ಲಿ?" ರಿಪೋರ್ಟ್ ಇರಲಿಲ್ಲ. ಏನು ತೆಗೆದರು, ಎಷ್ಟು ತೆಗೆದರು, ಅಂಚಿನಲ್ಲಿ ಉಳಿದಿತ್ತೇ, ಯಾರಿಗೂ ಗೊತ್ತಿಲ್ಲ. ಎಲ್ಲ ಮೊದಲಿನಿಂದ ಶುರು. ಎಂಟು ತಿಂಗಳು ಸುಮ್ಮನೆ ಹೋಯಿತು. ಆ ತಾಯಿ ಬದುಕಿದ್ದಾರೆ. ಆದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದದ್ದು ದೊಡ್ಡದಾಯಿತು. ಪೂರಾ ಎದೆ ತೆಗೆಯಬೇಕಾಯಿತು. ಎರಡು ಎಕರೆ ಹೊಲ ಒತ್ತೆ ಬಿತ್ತು.

ಅದಕ್ಕೇ ಹೇಳುತ್ತೇನೆ. ಗಂಟನ್ನು ಕೊಯ್ದು ತೆಗೆಯುವ ಮೊದಲು ಸೂಜಿ ಪರೀಕ್ಷೆ ಆಗಬೇಕು. ಸೂಜಿಯಿಂದ ತಿಳಿಯದಿದ್ದಾಗ ಮಾತ್ರ ಇಡೀ ಗಂಟು ತೆಗೆದು ಪರೀಕ್ಷೆ ಮಾಡುತ್ತಾರೆ. ಇಲ್ಲವೇ ಕೇಡಿಲ್ಲದ ಗಂಟು ಅಂತ ಖಾತ್ರಿಯಾಗಿ, ಅದು ದೊಡ್ಡದಾಗಿ ತೊಂದರೆ ಕೊಡುತ್ತಿದ್ದರೆ ತೆಗೆಯುತ್ತಾರೆ. ಯಾವ ಕಾರಣಕ್ಕೆ ತೆಗೆದರೂ ಸರಿ, ಮೈಯಿಂದ ತೆಗೆದ ಗಂಟು ಲ್ಯಾಬಿಗೆ ಹೋಗಲೇಬೇಕು. "ಲ್ಯಾಬಿಗೆ ಕಳಿಸ್ತೀರೇನ್ರಿ ಡಾಕ್ಟರ್?" ಎಂದು ಕತ್ತರಿ ಹಿಡಿಯುವ ಮೊದಲೇ ಕೇಳಿ. ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಇಷ್ಟು ಕಟುವಾಗಿ ಹೇಳಬಾರದೇನೋ. ಆದರೂ ಹೇಳುತ್ತೇನೆ.

ಲ್ಯಾಬಿನಲ್ಲಿ ಏನಾಗುತ್ತದೆ? ತುಣುಕನ್ನು ಒಂದು ರಾತ್ರಿಯಾದರೂ ಔಷಧದಲ್ಲಿ ನೆನೆಯಲು ಬಿಡುತ್ತಾರೆ. ಆಮೇಲೆ ಅದನ್ನು ಮೇಣದಲ್ಲಿ ಹುದುಗಿಸಿ ಗಟ್ಟಿ ಬಿಲ್ಲೆ ಮಾಡುತ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಆ ಬಿಲ್ಲೆಯಿಂದ ಈರುಳ್ಳಿ ಪೊರೆಗಿಂತ ತೆಳುವಾಗಿ ಹೆರೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು, ಬಣ್ಣ ಹಾಕಿ ನೋಡುತ್ತಾರೆ. ಆ ಗಾಜಿನ ಪಟ್ಟಿಗೆ ಸ್ಲೈಡ್ ಅಂತಾರೆ. ಇಷ್ಟೆಲ್ಲ ಆಗಲು ದಿನ ಹಿಡಿಯುತ್ತದೆ. ಒಂದು ವಾರ ಅಂತ ಇಟ್ಟುಕೊಳ್ಳಿ. ಕೆಲವು ಕಡೆ ಬೇಗ ಬರುತ್ತದೆ, ಕೆಲವು ಕಡೆ ತಡ ಆಗುತ್ತದೆ. ತಡ ಆಯಿತು ಅಂದರೆ ಕೆಟ್ಟ ಸುದ್ದಿ ಅಂತ ತಿಳಿಯಬೇಡಿ.

ಈ ಬ್ಲಾಕ್ ಮತ್ತು ಸ್ಲೈಡ್ ನಿಮ್ಮ ಆಸ್ತಿ ಅಂತ ತಿಳಿಯಿರಿ. ನಾಳೆ ನೀವು ಬಾರ್ಶಿಗೋ ಮುಂಬೈಗೋ ಹೋದರೆ ಅಲ್ಲಿಯವರು ಮೊದಲು ಕೇಳುವುದು ಇವನ್ನೇ. ಅರ್ಜಿ ಬರೆದುಕೊಟ್ಟರೆ ಲ್ಯಾಬಿನವರು ಕೊಡುತ್ತಾರೆ. ಅರ್ಜಿ ಬರೆಯಲು ಈಗ ನಿಮಗೆ ಬರುತ್ತದೆ. ಬ್ಲಾಕ್ ಕೈಯಲ್ಲಿದ್ದರೆ ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳುವುದು ಹೆಚ್ಚಾಗಿ ತಪ್ಪುತ್ತದೆ. ಎರಡನೇ ಖರ್ಚೂ ತಪ್ಪುತ್ತದೆ. ಬ್ಲಾಕ್ ಅನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ!

ಇನ್ನೊಂದು ಮಾತು. ಪರೀಕ್ಷೆಗೆ ಮೊದಲು ಒಂದು ಕಾಗದದ ಮೇಲೆ ಸಹಿ ಕೇಳುತ್ತಾರೆ. ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. "ಇದರಲ್ಲಿ ಏನು ಬರೆದೈತಿ, ಓದಿ ಹೇಳ್ರಿ" ಅನ್ನಿ. ಸೊಲ್ಲಾಪುರದಲ್ಲಿ ಕನ್ನಡ ಬಲ್ಲ ಸಿಸ್ಟರು, ವಾರ್ಡ್‌ಬಾಯ್ ಸಿಗುವುದು ಕಷ್ಟ ಅಲ್ಲ. ಕೇವಲ ಸೂಜಿ ಪರೀಕ್ಷೆಗೆ ಸಹಿಯೋ, ಆಪರೇಶನ್ನಿಗೂ ಸಹಿಯೋ ಕೇಳಿ ತಿಳಿಯಿರಿ. ಎಡಗಡೆಯೋ ಬಲಗಡೆಯೋ ಸರಿಯಾಗಿ ಬರೆದಿದ್ದಾರೆಯೇ ಕೇಳಿ. ಆಮೇಲೆ ಆ ಬಾಟಲಿ ನೋಡಿ. ಅದರ ಮೇಲೆ ನಂಬರು ಇರುತ್ತದೆ. ನಿಮ್ಮ ಕೇಸ್ ಪೇಪರಿನ ನಂಬರು, ಬಾಟಲಿಯ ನಂಬರು ತಾಳೆ ಹಾಕಿ. ಅಂಕಿ ಓದಲು ಮರಾಠಿ ಬೇಕಿಲ್ಲ. ಇಷ್ಟು ದಿನ ಹೆಬ್ಬೆಟ್ಟು ಒತ್ತುವಾಗ ಯಾರು ಏನು ಬರೆದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಈಗ ನಮ್ಮ ಕಣ್ಣು ತೆರೆದಿದೆ, ನೋಡಿಯೇ ಸಹಿ ಮಾಡೋಣ.

ಈಗ ಖರ್ಚಿನ ಮಾತು. ಇದಕ್ಕೇ ಎಲ್ಲರೂ ಹಿಂದೆ ಸರಿಯುವುದು.

ಖಾಸಗಿ ದವಾಖಾನೆಯಲ್ಲಿ ಒಂದೊಂದು ಕಡೆ ಒಂದೊಂದು ದರ. ಸುಮ್ಮನೆ ಅಂದಾಜಿಗೆ ಹೇಳುತ್ತೇನೆ. ಸಣ್ಣ ಸೂಜಿಗೆ ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿ. ದಪ್ಪ ಸೂಜಿಗೆ ಮೂರು ನಾಲ್ಕು ಸಾವಿರದಿಂದ ಹಿಡಿದು ಹತ್ತು ಸಾವಿರ, ದೊಡ್ಡ ಊರಿನಲ್ಲಿ ಅದಕ್ಕೂ ಮೇಲೆ. ಜನ ಮೋಸ ಹೋಗುವುದು ಎಲ್ಲಿ ಗೊತ್ತೇನ್ರಿ? ದರ ಕೇಳುವಾಗ ಒಂದೇ ಕೇಳುತ್ತಾರೆ. "ಪರೀಕ್ಷೆಗೆ ಎಷ್ಟು?" ಅವರೂ ಒಂದೇ ಹೇಳುತ್ತಾರೆ. ಆದರೆ ಬಿಲ್ಲು ನಾಲ್ಕು ಕಡೆಯಿಂದ ಬರುತ್ತದೆ. ಡಾಕ್ಟರ ಫೀ ಬೇರೆ. ಸೋನೋಗ್ರಾಫಿ ಬೇರೆ. ಸೂಜಿಯ ಬೆಲೆ ಬೇರೆ, ಅದು ಒಬ್ಬರಿಗೆ ಒಂದೇ ಸಲ ಬಳಸುವ ಸೂಜಿ. ಲ್ಯಾಬಿನ ರಿಪೋರ್ಟಿಗೆ ಬೇರೆ. ಅದಕ್ಕೇ ಹೀಗೆ ಕೇಳಬೇಕು: "ಎಲ್ಲಾ ಸೇರಿ ಎಷ್ಟು ಆಗ್ತದ? ಲ್ಯಾಬ್ ರಿಪೋರ್ಟ್ ಇದರಾಗ ಬಂತೋ ಇಲ್ಲೋ? ಒಂದು ಚೀಟಿ ಮೇಲೆ ಬರೆದು ಕೊಡ್ರಿ." ಬರೆದುಕೊಟ್ಟ ಮೇಲೆ ಮನೆಯಲ್ಲಿ ಕುಳಿತು ಕೂಡಿಸಿ ನೋಡಬಹುದು.

ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದರೆ ಅದೇ ತುಣುಕಿನ ಮೇಲೆ ಇನ್ನೊಂದು ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಇ.ಆರ್., ಪಿ.ಆರ್., ಹರ್-2 ಅಂತ ಅದರ ಹೆಸರು. ಇದಕ್ಕೆ ಖಾಸಗಿಯಲ್ಲಿ ಮತ್ತೆ ಕೆಲವು ಸಾವಿರ ಬೀಳುತ್ತದೆ. ಇದು ದಂಡದ ಖರ್ಚು ಅಂತ ಬಿಡಬೇಡಿ. ಯಾವ ಔಷಧ ಈ ರೋಗಿಗೆ ಹತ್ತುತ್ತದೆ ಅಂತ ಹೇಳುವುದೇ ಈ ಪರೀಕ್ಷೆ. ಕೆಲವರ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ಅನ್ನುವ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಅಗ್ಗದ ಗುಳಿಗೆ. ಆದರೆ ಅದು ಯಾರಿಗೆ ಹತ್ತುತ್ತದೆ ಅಂತ ಈ ಪರೀಕ್ಷೆ ಇಲ್ಲದೆ ತಿಳಿಯುವುದಿಲ್ಲ. ಸಣ್ಣ ಸೂಜಿಗಿಂತ ದಪ್ಪ ಸೂಜಿ ಮೇಲು ಅಂತ ಡಾಕ್ಟರು ಹೇಳುವುದು ಇದಕ್ಕೇ. ಸಣ್ಣ ಸೂಜಿ ಅಗ್ಗ ಅಂತ ಮಾಡಿಸಿ, ಮತ್ತೆ ದಪ್ಪ ಸೂಜಿ ಮಾಡಿಸಿದರೆ ಎರಡು ಖರ್ಚು. ಆದ್ದರಿಂದ ಸಂಶಯದ ಗಂಟಾದರೆ ಡಾಕ್ಟರನ್ನೇ ಕೇಳಿ: "ಒಂದೇ ಸಲಕ್ಕೆ ಕೋರ್ ಮಾಡಿದ್ರ ನಡೀತದೇನ್ರಿ?"

ಸರಕಾರಿ ದವಾಖಾನೆಯಲ್ಲಿ ಖರ್ಚು ಬಹಳ ಕಡಿಮೆ. ನಮಗೆ ಹತ್ತಿರದ್ದು ಸೊಲ್ಲಾಪುರದ ಸಿವಿಲ್ ಆಸ್ಪತ್ರೆ. ಅದು ಡಾ. ವೈಶಂಪಾಯನ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅಲ್ಲಿ ಗದ್ದಲ ಇದೆ, ಸರದಿ ಇದೆ, ಒಂದೇ ದಿನಕ್ಕೆ ಮುಗಿಯುವುದಿಲ್ಲ. ಅದು ಖರೇ. ಆದರೆ ಹೊಲ ಒತ್ತೆ ಇಡುವುದಕ್ಕಿಂತ ಎರಡು ದಿನ ಸರದಿಯಲ್ಲಿ ನಿಲ್ಲುವುದು ಮೇಲು. ಬೆಳಗಿನ ಮೊದಲ ಎಸ್.ಟಿ.ಗೆ ಹೋಗಿ, ಕೇಸ್ ಪೇಪರ್ ಮಾಡಿಸಿ. ಹಳದಿ ರೇಶನ್ ಕಾರ್ಡ್ ಇದ್ದರೆ ಅಲ್ಲೇ ತೋರಿಸಿ, ಫೀಯಲ್ಲಿ ಸವಲತ್ತು ಇದೆಯೇ ಕೇಳಿ. ನಮ್ಮ ಜಿಲ್ಲೆಯಲ್ಲೇ ಬಾರ್ಶಿಯಲ್ಲಿ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳ್ಳಿಯ ಜನರಲ್ಲಿ ಕ್ಯಾನ್ಸರ್ ಎಷ್ಟು ಅಂತ ಲೆಕ್ಕ ಇಡುವ ಕೆಲಸ ನಮ್ಮ ದೇಶದಲ್ಲಿ ಮೊದಲು ಶುರುವಾದದ್ದು ಬಾರ್ಶಿಯಲ್ಲೇ, 1987ರಲ್ಲಿ. ಮುಂಬೈ ಮುಂಬೈ ಅಂತ ಓಡುವ ಮೊದಲು ಇದು ನೆನಪಿರಲಿ.

ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ನೀವು ಕೇಳಿರಬೇಕು. ಮೊದಲು ಹಳದಿ ಮತ್ತು ಕೇಶರಿ ರೇಶನ್ ಕಾರ್ಡಿನವರಿಗೆ ಇತ್ತು. 2023ರಲ್ಲಿ ಸರಕಾರ ಅದನ್ನು ಬಿಳಿ ಕಾರ್ಡಿನವರಿಗೂ ವಿಸ್ತರಿಸುವ ನಿರ್ಣಯ ಮಾಡಿತು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಬರುತ್ತದೆ. ಕ್ಯಾನ್ಸರಿನ ಆಪರೇಶನ್, ಔಷಧ, ಲೈಟ್ ಕೊಡುವುದು ಇದರಲ್ಲಿ ಸೇರಿವೆ. ಆದರೆ ಒಂದು ಸಂಗತಿ ನೆನಪಿಡಿ. ಈ ಯೋಜನೆ ಮುಖ್ಯವಾಗಿ ದವಾಖಾನೆಗೆ ದಾಖಲಾಗಿ ಮಾಡಿಸುವ ಚಿಕಿತ್ಸೆಗೆ. ಹೊರಗಿನಿಂದ ಬಂದು ತುಣುಕಿನ ಪರೀಕ್ಷೆ ಮಾಡಿಸಿ ಹೋದರೆ ಅದರ ಹಣ ನೀವೇ ಕೊಡಬೇಕಾಗಿ ಬರಬಹುದು. ಯೋಜನೆ ಇರುವ ಪ್ರತಿ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕುಳಿತಿರುತ್ತಾರೆ. ದುಡ್ಡು ಕಟ್ಟುವ ಮೊದಲು ಅವರ ಹತ್ತಿರ ಹೋಗಿ. ದುಡ್ಡು ಕಟ್ಟಿದ ಮೇಲೆ ಹೋದರೆ ಅವರೂ ಏನೂ ಮಾಡಲಾರರು. ರೇಶನ್ ಕಾರ್ಡ್, ಆಧಾರ್ ಕಾರ್ಡ್ ಎರಡನ್ನೂ ಒಯ್ಯಿರಿ. ಎರಡರಲ್ಲೂ ಹೆಸರು ಒಂದೇ ತರಹ ಇದೆಯೇ ಇವತ್ತೇ ನೋಡಿ. ತವರುಮನೆಯ ಹೆಸರು ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿ ಇದ್ದು ಅಲೆದಾಡಿದವರು ಬಹಳ ಮಂದಿ. ಕೇಂದ್ರದ ಆಯುಷ್ಮಾನ್ ಕಾರ್ಡಿನ ಬಗ್ಗೆ ಕೇಳಲು 14555ಕ್ಕೆ ಫೋನ್ ಹಚ್ಚಬಹುದು.

ಟ್ರಸ್ಟಿನ ದೊಡ್ಡ ಆಸ್ಪತ್ರೆಗಳಿಗೂ ನಮ್ಮ ರಾಜ್ಯದಲ್ಲಿ ಒಂದು ನಿಯಮ ಇದೆ. ಅವಕ್ಕೆ ಧರ್ಮಾದಾಯ ಆಸ್ಪತ್ರೆ ಅಂತಾರೆ. ಮುಂಬೈ ಹೈಕೋರ್ಟ್ ಒಪ್ಪಿದ ಯೋಜನೆ 2006ರಿಂದ ನಡೆದಿದೆ. ಅದರ ಪ್ರಕಾರ ಅವರು ನೂರರಲ್ಲಿ 10 ಹಾಸಿಗೆ ತೀರ ಬಡವರಿಗೆ ಪುಕ್ಕಟೆ ಇಡಬೇಕು. ಇನ್ನು 10 ಹಾಸಿಗೆ ದುರ್ಬಲರಿಗೆ ಕಡಿಮೆ ದರದಲ್ಲಿ ಇಡಬೇಕು. ಅದಕ್ಕೆ ತಹಶೀಲ್ದಾರರ ಕಚೇರಿಯ ಉತ್ಪನ್ನದ ದಾಖಲೆಯೋ ರೇಶನ್ ಕಾರ್ಡೋ ತೋರಿಸಬೇಕು. ಅವರು ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು.

ಬಿಲ್ಲಿನಲ್ಲಿ ಬರೆಯದ ಖರ್ಚೂ ಇದೆ. ಹೋಗುವ ಬರುವ ಬಸ್ ಚಾರ್ಜು, ಜೊತೆಗೆ ಬಂದವರ ಊಟ, ಇಬ್ಬರ ದಿನಗೂಲಿ. ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್ ಆಗಿದೆ. ಕಲಬುರಗಿಯಲ್ಲಿ ನೆಂಟರಿದ್ದಾರೆ, ಅಲ್ಲಿ ತೋರಿಸುತ್ತೇವೆ ಅನ್ನುವವರೂ ನಮ್ಮಲ್ಲಿ ಇದ್ದಾರೆ. ತೋರಿಸಬಹುದು. ಆದರೆ ಕರ್ನಾಟಕದ ಪುಕ್ಕಟೆ ಟಿಕೆಟ್ ಆ ರಾಜ್ಯದ ಹೆಂಗಸರಿಗೆ ಮಾತ್ರ. ನಾವು ಎಷ್ಟು ಚೆಂದ ಕನ್ನಡ ಮಾತಾಡಿದರೂ ಕಂಡಕ್ಟರು ನೋಡುವುದು ಆಧಾರ್ ಕಾರ್ಡಿನ ವಿಳಾಸ! ದವಾಖಾನೆಯ ಕಾರ್ಡಿನ ಮಾತೂ ಹಾಗೆಯೇ. ಗಡಿ ದಾಟಿದರೆ ಯಾವ ಕಾರ್ಡ್ ನಡೆಯುತ್ತದೆ ಅಂತ ಹೊರಡುವ ಮೊದಲು ಕೇಳಿಕೊಳ್ಳಿ. ಕ್ಯಾನ್ಸರ್ ಅಂತ ಖಾತ್ರಿಯಾದ ರೋಗಿಗೆ ಚಿಕಿತ್ಸೆಗೆ ಹೋಗಲು ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯವರು ಅದರ ಫಾರ್ಮ್ ತುಂಬಿ ಕೊಡುತ್ತಾರೆ.

ಬಚತ್ ಗಟದ ತಾಯಂದಿರಿಗೆ ಒಂದು ಮಾತು. ಎಮ್ಮೆ ಕೊಳ್ಳಲು ಸಾಲ ಕೊಡುತ್ತೀರಿ, ಹೊಲಿಗೆ ಯಂತ್ರಕ್ಕೆ ಕೊಡುತ್ತೀರಿ. ಪರೀಕ್ಷೆಗೆ ಹೋಗುವ ಹೆಂಗಸಿಗೆ ಎರಡು ಮೂರು ಸಾವಿರ ಕೈಗಡ ಕೊಡುವ ಠರಾವು ಮಾಡಿಕೊಳ್ಳಿ. ಜೊತೆಗೆ ಒಬ್ಬರು ಹೋಗಿರಿ. ಗಂಡನಿಗೆ ರಜೆ ಇಲ್ಲ, ಮಗ ಪುಣೆಯಲ್ಲಿದ್ದಾನೆ ಅಂತ ಎಷ್ಟೋ ಪರೀಕ್ಷೆ ನಿಂತುಹೋಗುತ್ತವೆ.

ಮತ್ತೆ ಕೆಲವರು ದಿನ ದೂಡುತ್ತಾರೆ. ಸುಗ್ಗಿ ಮುಗಿಯಲಿ ಅಂತಾರೆ. ಸಿದ್ಧರಾಮೇಶ್ವರ ಜಾತ್ರೆ ಆಗಲಿ ಅಂತಾರೆ. ಮಗಳ ಲಗ್ನ ಆಗಲಿ ಅಂತಾರೆ. "ನೋವಿಲ್ಲಲ್ರಿ, ಮತ್ಯಾಕ ಅವಸರ?" ಅಂತಾರೆ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಅದೇ ಅದರ ಕಪಟ. ನೋವಿಲ್ಲದ ಗಟ್ಟಿ ಗಂಟು, ಒಳಗೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯ ಹಾಗೆ ಆದ ಚರ್ಮ, ಮಾಯದ ಹುಣ್ಣು, ಕಂಕುಳಲ್ಲಿ ಗಂಟು. ಇವುಗಳಲ್ಲಿ ಒಂದು ಕಂಡರೂ ಆ ವಾರವೇ ತೋರಿಸಬೇಕು. ಗಂಡಸರಿಗೂ ಇದು ಬರುತ್ತದೆ, ಅಪರೂಪಕ್ಕೆ. ಮನೆಯಲ್ಲಿ ಹೇಳಿ.

ಬೇಗ ತೋರಿಸಿದರೆ ಏನು ಲಾಭ? ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಅರ್ಧ ಮಂದಿಯ ಎದೆಯನ್ನು ತರಬೇತಿ ಪಡೆದ ಹೆಣ್ಣುಮಕ್ಕಳು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರು. ದೊಡ್ಡ ಯಂತ್ರ ಏನೂ ಇಲ್ಲ, ಬರೀ ಕೈ. ಗಂಟು ಸಿಕ್ಕವರನ್ನು ಪರೀಕ್ಷೆಗೆ ಕಳಿಸಿದರು. 20 ವರ್ಷ ನೋಡಿ 2021ರಲ್ಲಿ ಫಲಿತಾಂಶ ಹೇಳಿದರು. ಹೀಗೆ ನೋಡಿದವರಲ್ಲಿ ರೋಗ ಬೇಗ ಸಿಕ್ಕಿತ್ತು. 50 ವರ್ಷ ದಾಟಿದ ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ ಸಾಯುವವರು ನೂರಕ್ಕೆ ಸುಮಾರು 30ರಷ್ಟು ಕಡಿಮೆ ಆಗಿದ್ದರು. ಆ ಕೈಯಿಂದ ನೋಡುವ ಪರೀಕ್ಷೆ ಈಗ 30 ವರ್ಷ ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪುಕ್ಕಟೆ ಮಾಡಬೇಕು ಅಂತ ಸರಕಾರದ ಕಾರ್ಯಕ್ರಮ ಇದೆ. ಆಶಾ ತಾಯಿಯನ್ನು ಕೇಳಿ.

ಇನ್ನು ರಿಪೋರ್ಟ್ ತರುವ ದಿನ. ರಿಪೋರ್ಟ್ ಇಂಗ್ಲಿಷಿನಲ್ಲಿ ಇರುತ್ತದೆ. ಡಾಕ್ಟರು ಬಿನೈನ್ ಅಂದರೆ ಕೇಡಿಲ್ಲದ ಗಂಟು. ಮ್ಯಾಲಿಗ್ನಂಟ್ ಅಂದರೆ ಕ್ಯಾನ್ಸರ್. ಕೆಲವು ಸಲ ಎರಡೂ ಅಲ್ಲದ ಮಾತು ಬರುತ್ತದೆ. ತುಣುಕು ಸಾಲದು, ಇಲ್ಲವೇ ಸಂಶಯ ಇದೆ, ಮತ್ತೊಮ್ಮೆ ನೋಡಬೇಕು ಅಂತ. ಆಗ ಸಿಟ್ಟು ಮಾಡಿಕೊಂಡು ಬಿಟ್ಟುಬಿಡಬೇಡಿ. ಮತ್ತೊಮ್ಮೆ ಮಾಡಿಸಿ. ಇನ್ನೊಂದು, ರಿಪೋರ್ಟ್ ಬಿನೈನ್ ಬಂದರೂ ಗಂಟು ಬೆಳೆಯುತ್ತಲೇ ಇದ್ದರೆ ಮತ್ತೆ ಹೋಗಿ ತೋರಿಸಿ.

ರಿಪೋರ್ಟ್ ತರಲು ಮಗನನ್ನೋ ಮೈದುನನನ್ನೋ ಒಬ್ಬನನ್ನೇ ಕಳಿಸಬೇಡಿ. ಅವರು ಅಂಜಿ ನಿಮ್ಮ ಮುಂದೆ ಮುಚ್ಚಿಡುತ್ತಾರೆ. "ಏನೂ ಇಲ್ಲವ್ವಾ, ಬರೀ ಗಂಟು" ಅಂತಾರೆ. ಒಳಗೊಳಗೇ ಅಳುತ್ತಾರೆ. ಆರು ತಿಂಗಳು ಹಾಗೇ ಹೋಗುತ್ತದೆ. ನಿಮ್ಮ ಮೈ, ನಿಮ್ಮ ರಿಪೋರ್ಟ್. ನೀವೇ ಹೋಗಿ ಡಾಕ್ಟರ ಎದುರು ಕುಳಿತು ಕೇಳಿ. ಎಲ್ಲ ಕಾಗದವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾರೀಖಿನ ಪ್ರಕಾರ ಜೋಡಿಸಿ ಟ್ರಂಕಿನಲ್ಲಿ ಇಡಿ. ಕೇಸ್ ಪೇಪರ್, ಸೋನೋಗ್ರಾಫಿಯ ಫೋಟೊ, ಲ್ಯಾಬ್ ರಿಪೋರ್ಟ್, ದುಡ್ಡು ಕಟ್ಟಿದ ಪಾವತಿ, ಯಾವುದನ್ನೂ ಒಲೆಗೆ ಹಾಕಬೇಡಿ.

ನನ್ನ ಮಾತು ಮುಗಿಯಿತು. ಕೆಲವರಿಗೆ ಎಲ್ಲರ ಎದುರು ಕೇಳಲು ಸಂಕೋಚ ಆಗಬಹುದು. ನಾನು ಇನ್ನೂ ಒಂದು ತಾಸು ಇಲ್ಲೇ, ಹಿಂದಿನ ಖೋಲಿಯಲ್ಲಿ ಕುಳಿತಿರುತ್ತೇನೆ. ಬಾಗಿಲು ಮುಚ್ಚಿರುತ್ತದೆ, ಒಬ್ಬೊಬ್ಬರೇ ಒಳಗೆ ಬರ್ರಿ.